ಖಾಸಗಿ ಜೈಲೋ, ಸರ್ಕಾರಿ ಜೈಲೋ: ಕೈದಿಯ ಸುಧಾರಣೆಯೇ ಅಳತೆಗೋಲಾದಾಗ

ಜೈಲು ನಡೆಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಬಹುದೇ ಎಂಬ ಚರ್ಚೆ ಎಲ್ಲಿ ನಡೆದರೂ ಒಂದು ಪಕ್ಷ ಖರ್ಚಿನ ಲೆಕ್ಕವನ್ನು ಮುಂದಿಡುತ್ತದೆ, ಇನ್ನೊಂದು ಪಕ್ಷ ನ್ಯಾಯ ನೀತಿಯ ಪ್ರಶ್ನೆಯನ್ನು ಎತ್ತುತ್ತದೆ. ಶಿಕ್ಷೆ ಮುಗಿಸಿ ಹೊರಬಂದ ಮನುಷ್ಯ ಎರಡು ಮೂರು ವರ್ಷಗಳ ನಂತರ ದುಡಿದು ಬದುಕುತ್ತಿದ್ದಾನೆಯೇ ಅಥವಾ ಅದೇ ಜೈಲಿಗೆ ಮರಳಿದ್ದಾನೆಯೇ ಎಂಬುದು ಈ ಜಗ್ಗಾಟದಲ್ಲಿ ಹಿಂದೆ ಬೀಳುತ್ತದೆ. ಈ ಹೋಲಿಕೆಯಲ್ಲಿ ಆ ಪ್ರಶ್ನೆಯನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಖರ್ಚು, ಭದ್ರತೆ, ಕಾನೂನಿನ ತೊಡಕುಗಳು ಅದಕ್ಕೆ ಸಂಬಂಧಿಸಿದಷ್ಟು ಮಾತ್ರ ಬರುತ್ತವೆ.

ಆಯ್ಕೆ ಎರಡರ ನಡುವೆ ಇದೆ ಎಂದು ಭಾವಿಸುವುದೇ ಮೊದಲ ತಪ್ಪು. ಈಗ ಬಳಕೆಯಲ್ಲಿರುವ ಮುಖ್ಯ ಮಾದರಿಗಳು ನಾಲ್ಕು. ನಾರ್ವೆಯಂತೆ ಕಾವಲು, ಆಡಳಿತ ಎಲ್ಲವನ್ನೂ ಸರ್ಕಾರವೇ ನಡೆಸುವುದು ಒಂದು. ಫ್ರಾನ್ಸ್ 1987ರ ಕಾನೂನಿನ ನಂತರ ಮಾಡಿದಂತೆ ಕಾವಲು, ದಾಖಲೆ ಮತ್ತು ಅಧಿಕಾರವನ್ನು ಸರ್ಕಾರ ತನ್ನ ಕೈಯಲ್ಲೇ ಉಳಿಸಿಕೊಂಡು ಅಡುಗೆ, ಕಟ್ಟಡದ ನಿರ್ವಹಣೆ, ಕೈದಿಗಳ ಕೆಲಸ ಮತ್ತು ತರಬೇತಿಯಂಥವನ್ನು ಗುತ್ತಿಗೆಗೆ ಕೊಡುವುದು ಇನ್ನೊಂದು. ಅಮೆರಿಕದ ಹಲವು ರಾಜ್ಯಗಳಲ್ಲಿರುವಂತೆ ಕೈದಿಯೊಬ್ಬನಿಗೆ ದಿನಕ್ಕೆ ಇಷ್ಟು ಎಂದು ದರ ಗೊತ್ತುಮಾಡಿ ಇಡೀ ಜೈಲನ್ನೇ ಕಂಪನಿಯ ವಶಕ್ಕೆ ಕೊಡುವುದು ಮೂರನೆಯದು. ಕಟ್ಟುವುದನ್ನೂ ನಡೆಸುವುದನ್ನೂ ಕಂಪನಿಗೆ ವಹಿಸಿ, ಬಿಡುಗಡೆಯಾದವರು ಮತ್ತೆ ಅಪರಾಧ ಮಾಡುವ ಪ್ರಮಾಣ ಇಳಿದರೆ ಹೆಚ್ಚುವರಿ ಹಣ ಕೊಡುವ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪದ್ಧತಿ ನಾಲ್ಕನೆಯದು. ಇವ್ಯಾವುದಕ್ಕೂ ಪೂರ್ತಿಯಾಗಿ ಸೇರದ ಮಾದರಿಯೊಂದು ಬ್ರೆಜಿಲಿನಲ್ಲಿದೆ, ಅದರ ವಿಷಯ ಮುಂದೆ ಬರುತ್ತದೆ.

ದಿನದ ಲೆಕ್ಕದಲ್ಲಿ ಹಣ ಕೊಡುವ ಮಾದರಿ

ಆಧುನಿಕ ಖಾಸಗಿ ಜೈಲಿನ ಉದ್ಯಮ ಶುರುವಾದದ್ದು ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ, 1983ರಲ್ಲಿ. ಅಂದು ಹುಟ್ಟಿದ ಕರೆಕ್ಷನ್ಸ್ ಕಾರ್ಪೊರೇಷನ್ ಆಫ್ ಅಮೆರಿಕ 2016ರಲ್ಲಿ ಕೋರ್‌ಸಿವಿಕ್ ಎಂದು ಹೆಸರು ಬದಲಿಸಿಕೊಂಡಿತು. ಅದೂ ಫ್ಲಾರಿಡಾದ ಜಿಯೋ ಗ್ರೂಪ್ ಕಂಪನಿಯೂ ಇಂದು ಈ ಕ್ಷೇತ್ರದ ಎರಡು ದೊಡ್ಡ ಹೆಸರುಗಳು. ಖಾಸಗಿ ಜೈಲು ಎಂದೊಡನೆ ಅಮೆರಿಕವೇ ನೆನಪಿಗೆ ಬರುತ್ತದಾದರೂ ಅಲ್ಲಿನ ರಾಜ್ಯ ಮತ್ತು ಫೆಡರಲ್ ಕೈದಿಗಳಲ್ಲಿ ಖಾಸಗಿ ಜೈಲುಗಳಲ್ಲಿರುವವರು ನೂರಕ್ಕೆ ಎಂಟರಷ್ಟು ಮಾತ್ರ. ಪ್ರಮಾಣದ ಲೆಕ್ಕದಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಅದಕ್ಕಿಂತ ಬಹಳ ಮುಂದಿವೆ. ಅಮೆರಿಕದ ಕಂಪನಿಗಳ ದೊಡ್ಡ ಆದಾಯ ಈಗ ವಲಸಿಗರ ಬಂಧನ ಕೇಂದ್ರಗಳಿಂದ ಬರುತ್ತದೆ. ಅಲ್ಲಿ ಸುಧಾರಣೆ ಎಂಬುದು ಉದ್ದೇಶದ ಪಟ್ಟಿಯಲ್ಲೇ ಇಲ್ಲವಾದ್ದರಿಂದ ಆ ಭಾಗವನ್ನು ಇಲ್ಲಿ ಬಿಟ್ಟಿದ್ದೇನೆ.

ಈ ಮಾದರಿಯ ಕೀಲು ಇರುವುದು ಹಣ ಕೊಡುವ ಕ್ರಮದಲ್ಲಿ. ಕೋಣೆ ತುಂಬಿದಷ್ಟೂ ಲಾಭ ನೋಡುವ ಲಾಡ್ಜಿನಂತೆ, ಕೈದಿ ಒಳಗಿದ್ದಷ್ಟು ದಿನ ಕಂಪನಿಗೆ ಹಣ ಬರುತ್ತದೆ, ಅವನು ಹೊರಟ ದಿನ ನಿಲ್ಲುತ್ತದೆ. 2013ರಲ್ಲಿ ಅಮೆರಿಕದ 62 ಕರಾರುಗಳನ್ನು ಪರಿಶೀಲಿಸಿದ ವರದಿಯೊಂದು, ಅವುಗಳಲ್ಲಿ 41ರಲ್ಲಿ ಜೈಲಿನ ಶೇ 80ರಿಂದ 100ರಷ್ಟು ಜಾಗವನ್ನು ಸರ್ಕಾರ ತುಂಬಿಸಲೇಬೇಕು, ಇಲ್ಲವಾದರೆ ಖಾಲಿ ಜಾಗಕ್ಕೂ ಹಣ ಕಟ್ಟಬೇಕು ಎಂಬ ಷರತ್ತು ಇದ್ದುದನ್ನು ತೋರಿಸಿತು. ಅರಿಜೋನಾದ ಮೂರು ಜೈಲುಗಳ ಕರಾರಿನಲ್ಲಿ ಈ ಖಾತರಿ ಶೇ 100ರಷ್ಟಿತ್ತು. ಇಂಥ ಕರಾರಿಗೆ ಸಹಿ ಹಾಕಿದ ಸರ್ಕಾರ ಒಂದು ಕೈಯಲ್ಲಿ ಕೈದಿಗಳ ಸಂಖ್ಯೆ ಇಳಿಸುವ ಯೋಜನೆ ರೂಪಿಸುತ್ತ ಇನ್ನೊಂದು ಕೈಯಲ್ಲಿ ಖಾಲಿ ಜಾಗದ ದಂಡ ಕಟ್ಟಬೇಕಾಗುತ್ತದೆ. ಕಂಪನಿಯ ಮಾಲೀಕರು ದುರುಳರು ಎಂದು ಭಾವಿಸಬೇಕಾದ ಅಗತ್ಯವೇ ಇಲ್ಲಿಲ್ಲ. ಕಾಸಿಗೆ ತಕ್ಕ ಕಜ್ಜಾಯ ಎಂಬಂತೆ, ಸರ್ಕಾರ ಯಾವುದಕ್ಕೆ ಬೆಲೆ ಕಟ್ಟಿತೋ ಅದೇ ಸಿಕ್ಕಿದೆ.

ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿದರೆ ಸುಧಾರಣೆಯ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೈಲಿನ ಖರ್ಚಿನಲ್ಲಿ ದೊಡ್ಡ ಪಾಲು ಸಿಬ್ಬಂದಿಯ ಸಂಬಳ. ಆದ್ದರಿಂದ ಕಡಿಮೆ ದರಕ್ಕೆ ಟೆಂಡರ್ ಗೆದ್ದ ಕಂಪನಿ ಸಿಬ್ಬಂದಿಯ ಸಂಖ್ಯೆಯನ್ನೋ ಸಂಬಳವನ್ನೋ ತರಬೇತಿಯನ್ನೋ ಕಡಿತ ಮಾಡದೆ ಲಾಭ ತೆಗೆಯುವುದು ಕಷ್ಟ. ಇದಾಹೋ ರಾಜ್ಯದಲ್ಲಿ ಕರೆಕ್ಷನ್ಸ್ ಕಾರ್ಪೊರೇಷನ್ ನಡೆಸುತ್ತಿದ್ದ ಜೈಲಿಗೆ ಕೈದಿಗಳ ನಡುವಿನ ಹೊಡೆದಾಟದ ಕಾರಣ 'ಗ್ಲಾಡಿಯೇಟರ್ ಶಾಲೆ' ಎಂಬ ಅಡ್ಡಹೆಸರು ಬಿದ್ದಿತ್ತು. ಕಾವಲಿಗೆ ಯಾರೂ ಇಲ್ಲದ ಪಾಳಿಗಳಲ್ಲಿ ಇದ್ದಂತೆ ತೋರಿಸಿ ಸುಮಾರು 4,800 ಗಂಟೆಗಳ ಸುಳ್ಳು ಹಾಜರಿ ಬರೆಯಲಾಗಿತ್ತು ಎಂದು 2013ರಲ್ಲಿ ಕಂಪನಿಯೇ ಒಪ್ಪಿಕೊಂಡಿತು, ಮರುವರ್ಷ ರಾಜ್ಯ ಆ ಜೈಲನ್ನು ವಾಪಸು ಪಡೆಯಿತು. ಕಾವಲಿಗೇ ಜನ ಸಾಲದ ಜೈಲಿನಲ್ಲಿ ಕೈದಿಗಳನ್ನು ಬ್ಯಾರಕ್ಕಿನಿಂದ ತರಗತಿಗೆ, ಕಾರ್ಯಾಗಾರಕ್ಕೆ, ಆಪ್ತಸಮಾಲೋಚನೆಗೆ ಕರೆದೊಯ್ಯುವವರು ಇರುವುದಿಲ್ಲ. ಕಾರ್ಯಕ್ರಮಗಳು ಕಾಗದದ ಮೇಲೆ ಉಳಿದು ಬಾಗಿಲು ಮುಚ್ಚಿಕೊಂಡೇ ಇರುವುದು ಹೀಗೆ.

ಮಿಸಿಸಿಪ್ಪಿ ರಾಜ್ಯದಲ್ಲಿ 1996ರಿಂದ 2013ರವರೆಗೆ ಬಿಡುಗಡೆಯಾದವರ ದಾಖಲೆಗಳನ್ನು ಅರ್ಥಶಾಸ್ತ್ರಜ್ಞೆ ಅನಿತಾ ಮುಖರ್ಜಿ ಪರಿಶೀಲಿಸಿದ್ದಾರೆ. ಖಾಸಗಿ ಜೈಲಿಗೆ ಹೋದವರು ಸರ್ಕಾರಿ ಜೈಲಿನಲ್ಲಿದ್ದವರಿಗಿಂತ ಎರಡರಿಂದ ಮೂರು ತಿಂಗಳು ಹೆಚ್ಚು ಕಾಲ ಒಳಗಿದ್ದರು. ಶಿಸ್ತು ಮೀರಿದ ಆರೋಪದ ವರದಿಗಳು ಅವರ ಮೇಲೆ ಹೆಚ್ಚಾಗಿ ದಾಖಲಾಗಿ ಬಿಡುಗಡೆ ಮುಂದಕ್ಕೆ ಹೋಗಿದ್ದುದು ಇದಕ್ಕೆ ಮುಖ್ಯ ಕಾರಣವಾಗಿ ಕಂಡಿತು. ಅಷ್ಟು ಹೆಚ್ಚು ದಿನ ಒಳಗಿದ್ದರೂ ಹೊರಬಂದ ಮೇಲೆ ಅಪರಾಧಕ್ಕೆ ಮರಳುವ ಪ್ರಮಾಣದಲ್ಲಿ ಇಳಿಕೆ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಒಂದು ಅಧ್ಯಯನ ಇಡೀ ಚರ್ಚೆಯ ಬಹುಭಾಗವನ್ನು ಇತ್ಯರ್ಥ ಮಾಡುತ್ತದೆ, ಏಕೆಂದರೆ ಹೆಚ್ಚಾದ ಆ ದಿನಗಳ ಬಿಲ್ಲನ್ನು ಸರ್ಕಾರವೇ ಕಟ್ಟಿದ್ದು, ಅಗ್ಗದ ದರದಿಂದ ಆದ ಉಳಿತಾಯವನ್ನು ಅದು ಮೆಲ್ಲಗೆ ತಿಂದುಹಾಕುತ್ತದೆ.

ದೂರವೂ ಒಂದು ಸಮಸ್ಯೆ. ಹವಾಯಿ ರಾಜ್ಯ ತನ್ನ ಕೈದಿಗಳಲ್ಲಿ ಹಲವರನ್ನು ಸಾಗರದಾಚೆ ಅರಿಜೋನಾದ ಎಲಾಯ್ ಪಟ್ಟಣದ ಖಾಸಗಿ ಜೈಲಿನಲ್ಲಿ ಇರಿಸಿದೆ. ಮನೆಯವರ ಭೇಟಿ ಇರುವ ಕೈದಿಗಳು ಮತ್ತೆ ಅಪರಾಧ ಮಾಡುವ ಸಾಧ್ಯತೆ ಕಡಿಮೆ ಎಂಬುದನ್ನು ಮಿನೆಸೋಟ ರಾಜ್ಯದ ಜೈಲು ಇಲಾಖೆಯ ಅಧ್ಯಯನವೇ ಕಂಡುಕೊಂಡಿದೆ. ಜಾಗ ಅಗ್ಗವಾಗಿ ಸಿಗುವ ಕಡೆಗೆ ಕೈದಿಯನ್ನು ಸಾಗಿಸುವಾಗ ಈ ಲಾಭ ಕೈತಪ್ಪುತ್ತದೆ.

ಫೆಡರಲ್ ಮಟ್ಟದಲ್ಲಿ ನೀತಿ ಸ್ಥಿರವಾಗಿ ನಿಂತದ್ದೇ ಇಲ್ಲ. 2016ರ ಆಗಸ್ಟಿನಲ್ಲಿ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿ, ಭದ್ರತೆಗೆ ಸಂಬಂಧಿಸಿದ ಬಹುತೇಕ ವಿಷಯಗಳಲ್ಲಿ ಗುತ್ತಿಗೆ ಜೈಲುಗಳ ಸ್ಥಿತಿ ಸರ್ಕಾರಿ ಜೈಲುಗಳಿಗಿಂತ ಕೆಟ್ಟದಾಗಿದೆ ಎಂದಿತು. ಅದೇ ತಿಂಗಳು ಈ ಗುತ್ತಿಗೆಗಳನ್ನು ಹಂತಹಂತವಾಗಿ ನಿಲ್ಲಿಸುವ ಸೂಚನೆ ಹೊರಟಿತು. 2017ರಲ್ಲಿ ಅದು ರದ್ದಾಯಿತು, 2021ರ ಜನವರಿಯಲ್ಲಿ ಬೈಡನ್ ಅವರ ಆದೇಶದಿಂದ ಮರಳಿತು, 2025ರ ಜನವರಿಯಲ್ಲಿ ಟ್ರಂಪ್ ಅವರಿಂದ ಮತ್ತೆ ರದ್ದಾಯಿತು.

ಇಂಗ್ಲೆಂಡಿನ ಮೂರು ದಶಕಗಳು

ಖಾಸಗಿ ಮತ್ತು ಸರ್ಕಾರಿ ಜೈಲುಗಳನ್ನು ಒಂದೇ ಕಾನೂನು ಮತ್ತು ಒಂದೇ ಸ್ವತಂತ್ರ ತಪಾಸಣಾ ವ್ಯವಸ್ಥೆಯ ಅಡಿಯಲ್ಲಿ ಹೋಲಿಸಿ ನೋಡುವವರಿಗೆ ಇಂಗ್ಲೆಂಡ್ ಅಮೆರಿಕಕ್ಕಿಂತ ಉತ್ತಮ ಉದಾಹರಣೆ. ಅಲ್ಲಿನ ಜೈಲು ತಪಾಸಕರು ಮುನ್ಸೂಚನೆ ಕೊಡದೆ ಯಾವುದೇ ಜೈಲಿಗೆ ಹೋಗಿ ಕಂಡದ್ದನ್ನು ಬರೆದು ಪ್ರಕಟಿಸುತ್ತಾರೆ. ಆ ವರದಿಗಳನ್ನು ಓದಿದವರಿಗೆ ಖಾಸಗಿ ಎಂದರೆ ಕೆಟ್ಟದ್ದು, ಸರ್ಕಾರಿ ಎಂದರೆ ಒಳ್ಳೆಯದು ಎಂಬ ಸರಳ ಗೆರೆ ಎಳೆಯಲು ಆಗುವುದಿಲ್ಲ.

ದೇಶದ ಮೊದಲ ಖಾಸಗಿ ನಿರ್ವಹಣೆಯ ಜೈಲು ವೋಲ್ಡ್ಸ್ 1992ರಲ್ಲಿ ಆರಂಭವಾಯಿತು, 2013ರಲ್ಲಿ ಸರ್ಕಾರಕ್ಕೆ ಮರಳಿತು. 2011ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲನ್ನು ಜಿ4ಎಸ್ ಕಂಪನಿಗೆ ವಹಿಸಿದಾಗ, ನಡೆಯುತ್ತಿರುವ ಸರ್ಕಾರಿ ಜೈಲೊಂದು ಖಾಸಗಿ ಕೈಗೆ ಹೋದದ್ದು ಅಲ್ಲಿ ಅದೇ ಮೊದಲು. 2016ರ ಡಿಸೆಂಬರಿನಲ್ಲಿ ಅಲ್ಲಿ ದೊಡ್ಡ ಗಲಭೆಯಾಯಿತು. 2018ರ ಆಗಸ್ಟಿನಲ್ಲಿ ತಪಾಸಕರ ಕಠಿಣ ವರದಿಯ ಬೆನ್ನಿಗೇ ಸರ್ಕಾರ ಆಡಳಿತವನ್ನು ವಹಿಸಿಕೊಂಡು ಮರುವರ್ಷ ಗುತ್ತಿಗೆಯನ್ನೇ ಮುಗಿಸಿತು. ಇದಿಷ್ಟೇ ಓದಿದರೆ ತೀರ್ಪು ಸುಲಭ. ಆದರೆ ಅದೇ ಕಂಪನಿ 2012ರಲ್ಲಿ ತೆರೆದ ಓಕ್‌ವುಡ್ ಜೈಲು ಮೊದಲ ವರ್ಷಗಳಲ್ಲಿ ನಗೆಪಾಟಲಾಗಿ, ಗಲಭೆಯನ್ನೂ ಕಂಡು, ಆಮೇಲೆ ಕೈದಿಗಳೇ ಕೈದಿಗಳಿಗೆ ನೆರವಾಗುವ ವ್ಯವಸ್ಥೆಯನ್ನು ಕಟ್ಟಿದ್ದಕ್ಕಾಗಿ ಅದೇ ತಪಾಸಕರ ಮೆಚ್ಚುಗೆ ಪಡೆಯಿತು. ಇತ್ತ 2017ರಲ್ಲಿ ಸರ್ಕಾರವೇ ನಡೆಸುವ ಲಿವರ್‌ಪೂಲ್ ಜೈಲಿಗೆ ಹೋದ ತಪಾಸಕರು ಇಲಿಗಳು, ಕಸದ ರಾಶಿ ಮತ್ತು ಒಡೆದ ಕಿಟಕಿಗಳ ನಡುವೆ ತಾವು ಹಿಂದೆಂದೂ ಕಂಡಿರದಂಥ ದುಃಸ್ಥಿತಿಯನ್ನು ದಾಖಲಿಸಿದರು. ಒಂದೇ ಕಂಪನಿಯ ಎರಡು ಜೈಲುಗಳ ನಡುವಿನ ವ್ಯತ್ಯಾಸ ಖಾಸಗಿ ಮತ್ತು ಸರ್ಕಾರಿ ಜೈಲುಗಳ ಸರಾಸರಿ ವ್ಯತ್ಯಾಸಕ್ಕಿಂತ ದೊಡ್ಡದಿರಬಹುದು ಎಂಬುದನ್ನು ಆಯ್ಕೆ ಮಾಡುವವರು ಮರೆಯಬಾರದು. ಅನುಭವಿ ಸೂಪರಿಂಟೆಂಡೆಂಟ್, ಬಹುಕಾಲ ಉಳಿಯುವ ಸಿಬ್ಬಂದಿ, ಮಿತಿಮೀರದ ಕೈದಿಗಳ ಸಂಖ್ಯೆ ಇವು ಮಾಲೀಕತ್ವಕ್ಕಿಂತ ಹೆಚ್ಚು ತೂಗುತ್ತವೆ.

ಸುಧಾರಣೆಯ ದೃಷ್ಟಿಯಿಂದ ಇಂಗ್ಲೆಂಡಿನ ಅತ್ಯಂತ ಮುಖ್ಯ ಪ್ರಯೋಗ ನಡೆದದ್ದು ಪೀಟರ್‌ಬರೋ ಜೈಲಿನಲ್ಲಿ. ಆ ಕಾಲದಲ್ಲಿ ಹನ್ನೆರಡು ತಿಂಗಳಿಗಿಂತ ಕಡಿಮೆ ಶಿಕ್ಷೆ ಪಡೆದ ವಯಸ್ಕರಿಗೆ ಬಿಡುಗಡೆಯ ನಂತರ ಸರ್ಕಾರದಿಂದ ಯಾವ ಮೇಲ್ವಿಚಾರಣೆಯೂ ಇರಲಿಲ್ಲ, ಮತ್ತೆ ಮತ್ತೆ ಜೈಲಿಗೆ ಬರುತ್ತಿದ್ದವರೂ ಮುಖ್ಯವಾಗಿ ಅವರೇ. 2010ರಲ್ಲಿ ಹದಿನೇಳು ದತ್ತಿ ಸಂಸ್ಥೆಗಳು ಮತ್ತು ಹೂಡಿಕೆದಾರರು ಒಟ್ಟು 50 ಲಕ್ಷ ಪೌಂಡ್ ಹಾಕಿದರು. ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಕೈದಿಯನ್ನು ಒಳಗೇ ಭೇಟಿಯಾಗಿ, ಬಿಡುಗಡೆಯ ದಿನ ಗೇಟಿನ ಬಳಿ ಕಾದಿದ್ದು, ಮನೆ, ಕೆಲಸ, ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆ ಇವುಗಳಿಗೆ ಜೊತೆಯಾಗಿ ಓಡಾಡಿದರು. ಮತ್ತೆ ಶಿಕ್ಷೆಗೊಳಗಾಗುವ ಪ್ರಮಾಣ ಹೋಲಿಕೆಯ ಗುಂಪಿಗಿಂತ ಒಟ್ಟಾರೆ ಶೇ 7.5ರಷ್ಟಾದರೂ ಇಳಿದರೆ ಸರ್ಕಾರ ಹೂಡಿಕೆದಾರರಿಗೆ ಹಣ ಮರಳಿಸಬೇಕೆಂಬುದು ಒಪ್ಪಂದ. 2017ರಲ್ಲಿ ಅಂತಿಮ ಲೆಕ್ಕ ಬಂದಾಗ ಇಳಿಕೆ ಶೇ 9ರಷ್ಟಿತ್ತು, ಹೂಡಿಕೆದಾರರಿಗೆ ಅಸಲು, ಬಡ್ಡಿ ಎರಡೂ ಸಿಕ್ಕವು. ಜೈಲನ್ನು ನಡೆಸುತ್ತಿದ್ದದ್ದು ಸೊಡೆಕ್ಸೋ ಎಂಬ ಖಾಸಗಿ ಕಂಪನಿಯಾದರೂ ಈ ಫಲ ಬಂದದ್ದು ಜೈಲಿನ ಮಾಲೀಕತ್ವದಿಂದಲ್ಲ. ಗೋಡೆಯ ಒಳಗೂ ಹೊರಗೂ ಅದೇ ಮುಖಗಳು ಕೈದಿಯ ಜೊತೆಗಿದ್ದದ್ದರಿಂದ ಬಂದದ್ದು.

ಆ ಪ್ರಯೋಗದಿಂದ ಸರ್ಕಾರ ಕಲಿತ ಪಾಠ ಮಾತ್ರ ಬೇರೆಯೇ ಆಗಿತ್ತು. 2014ರಲ್ಲಿ ಬಿಡುಗಡೆಯ ನಂತರದ ಮೇಲ್ವಿಚಾರಣೆಯನ್ನು ಇಡೀ ದೇಶದಲ್ಲಿ ಒಮ್ಮೆಗೇ ಒಡೆದು, ಅಪಾಯಕಾರಿ ಎನಿಸಿದವರನ್ನು ಸರ್ಕಾರಿ ಸೇವೆಗೂ ಉಳಿದವರನ್ನು 21 ಹೊಸ ಕಂಪನಿಗಳಿಗೂ ಹಂಚಲಾಯಿತು. ಪೀಟರ್‌ಬರೋ ಯೋಜನೆಯಲ್ಲಿ ನೆರವು ಪಡೆಯಬೇಕಿದ್ದ ಕೈದಿಗಳ ಮೂರನೆಯ ತಂಡದ ಕೆಲಸವೂ ಇದರಿಂದಾಗಿ ಮೂಲ ರೂಪದಲ್ಲಿ ನಡೆಯಲಿಲ್ಲ. ಹೊಸ ಕಂಪನಿಗಳ ಆದಾಯದಲ್ಲಿ ಒಂದು ಭಾಗ ಫಲಿತಾಂಶಕ್ಕೆ ಕಟ್ಟುಬಿದ್ದಿತ್ತು. ಉಳಿದದ್ದು ಬರುವ ಪ್ರಕರಣಗಳ ಸಂಖ್ಯೆಯನ್ನು ಅವಲಂಬಿಸಿದ್ದು, ಆ ಸಂಖ್ಯೆ ನಿರೀಕ್ಷೆಗಿಂತ ಕಡಿಮೆಯಾದಾಗ ಕಂಪನಿಗಳು ನಷ್ಟದ ಭಯದಲ್ಲಿ ಸಿಬ್ಬಂದಿಯನ್ನು ಕಡಿತ ಮಾಡಿದವು. ಕೆಲವು ಕಡೆ ಮೇಲ್ವಿಚಾರಣೆ ಎಂದರೆ ಹಲವು ವಾರಗಳಿಗೊಮ್ಮೆ ಒಂದು ಫೋನ್ ಕರೆ ಎಂಬಲ್ಲಿಗೆ ಬಂತು. ಈ ಮೇಲ್ವಿಚಾರಣಾ ಸೇವೆಯ ಆಗಿನ ಮುಖ್ಯ ತಪಾಸಕಿ ಗ್ಲೆನಿಸ್ ಸ್ಟೇಸಿ ಈ ಮಾದರಿಯನ್ನು ಸರಿಪಡಿಸಲಾಗದಷ್ಟು ದೋಷಪೂರಿತ ಎಂದು 2019ರಲ್ಲಿ ಬರೆದರು, 2021ರ ಜೂನಿನಲ್ಲಿ ಸೇವೆ ಪೂರ್ತಿಯಾಗಿ ಸರ್ಕಾರಕ್ಕೆ ಮರಳಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ ಕಂಡುಕೊಂಡ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು: ಮತ್ತೆ ಅಪರಾಧ ಮಾಡಿದವರ ಪ್ರಮಾಣ ಶೇಕಡಾ 2.5 ಅಂಶದಷ್ಟು ಇಳಿದಿತ್ತು, ಆದರೆ ಹಾಗೆ ಮಾಡಿದ ಪ್ರತಿಯೊಬ್ಬನ ಅಪರಾಧಗಳ ಸರಾಸರಿ ಸಂಖ್ಯೆ ಶೇ 22ರಷ್ಟು ಏರಿತ್ತು. ಮೊದಲ ಅಂಕಿಯನ್ನು ಮಾತ್ರ ನೋಡಿ ಹಣ ಕೊಟ್ಟಿದ್ದರೆ ಸೋತ ಯೋಜನೆ ಗೆದ್ದಂತೆ ಕಾಣುತ್ತಿತ್ತು.

ಫಲಿತಾಂಶಕ್ಕೆ ಬೆಲೆ ಕಟ್ಟುವ ಮಾದರಿ

ನ್ಯೂಜಿಲೆಂಡಿನಲ್ಲಿ ಸರ್ಕೋ ಕಂಪನಿಯ ಎರಡು ಜೈಲುಗಳ ಕಥೆ ಒಂದೇ ವರ್ಷದಲ್ಲಿ ಎರಡು ದಿಕ್ಕಿಗೆ ಹೊರಟಿತು. ಆಕ್ಲೆಂಡಿನ ಮೌಂಟ್ ಈಡನ್ ಜೈಲಿನಲ್ಲಿ ಕೈದಿಗಳು ಪಂದ್ಯದಂತೆ ಹೊಡೆದಾಡುವ ವಿಡಿಯೊಗಳು 2015ರ ಜುಲೈಯಲ್ಲಿ ಹೊರಬಿದ್ದು ಸರ್ಕಾರ ಆಡಳಿತವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಅದೇ ಕಂಪನಿ ಆಕ್ಲೆಂಡ್ ಸೌತ್ ಎಂಬ ಹೊಸ ಜೈಲನ್ನು ತೆರೆಯಿತು. ಅದರ ಕರಾರಿನಲ್ಲಿ ಬಿಡುಗಡೆಯಾದವರು ಮತ್ತೆ ಅಪರಾಧ ಮಾಡುವ ಪ್ರಮಾಣ ಸರ್ಕಾರಿ ಜೈಲುಗಳಿಗಿಂತ ಕನಿಷ್ಠ ಶೇ 10ರಷ್ಟು ಕಡಿಮೆಯಾದರೆ ಹೆಚ್ಚುವರಿ ಹಣ ಎಂಬ ಷರತ್ತು ಇದೆ. ವಿಕ್ಟೋರಿಯಾದಲ್ಲಿ 2017ರಲ್ಲಿ ತೆರೆದ ರೇವನ್‌ಹಾಲ್ ಜೈಲಿಗೆ ಗುರಿ ಶೇ 12, ಮೂಲನಿವಾಸಿ ಕೈದಿಗಳ ವಿಷಯದಲ್ಲಿ ಶೇ 14. ಆಸ್ಟ್ರೇಲಿಯಾದ ಜೈಲುಗಳಲ್ಲಿ ಮೂಲನಿವಾಸಿಗಳ ಸಂಖ್ಯೆ ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಿರುವುದರಿಂದ ಅವರಿಗೆ ಪ್ರತ್ಯೇಕ ಗುರಿ ಇಟ್ಟದ್ದು ಸರಿಯಾದ ಹೆಜ್ಜೆಯೇ. ಅತ್ತ ಅದೇ ದೇಶದ ಕ್ವೀನ್ಸ್‌ಲ್ಯಾಂಡ್ ರಾಜ್ಯ ತನ್ನ ಎರಡು ಖಾಸಗಿ ಜೈಲುಗಳನ್ನು ವಾಪಸು ಪಡೆಯುವುದಾಗಿ 2019ರಲ್ಲಿ ಘೋಷಿಸಿತು.

ಖಾಸಗಿ ಮಾದರಿಗಳಲ್ಲಿ ಸುಧಾರಣೆಗೆ ಹತ್ತಿರ ಬರುವುದು ಇದೊಂದೇ. ಆದರೂ ಇದರಲ್ಲಿ ಮೂರು ಸಡಿಲಗಳಿವೆ. ಹೆಚ್ಚುವರಿ ಹಣ ಒಟ್ಟು ಗುತ್ತಿಗೆಯ ಮೊತ್ತದಲ್ಲಿ ಸಣ್ಣ ಪಾಲಾಗಿರುವುದರಿಂದ, ಅದನ್ನು ಗಳಿಸಲು ಬೇಕಾದ ಸಿಬ್ಬಂದಿಯ ಖರ್ಚು ಅದಕ್ಕಿಂತ ಹೆಚ್ಚೆನಿಸಿದರೆ ಕಂಪನಿ ಅದನ್ನು ಬಿಟ್ಟುಕೊಟ್ಟು ಸುಮ್ಮನಿರಬಹುದು. ಎರಡನೆಯದಾಗಿ, ಫಲಿತಾಂಶ ಗೊತ್ತಾಗಲು ಬಿಡುಗಡೆಯ ನಂತರ ವರ್ಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕಾನೂನು, ಪೊಲೀಸ್ ಕ್ರಮ, ಉದ್ಯೋಗದ ಸ್ಥಿತಿ ಎಲ್ಲವೂ ಬದಲಾಗಿರುತ್ತವೆ. ಮೂರನೆಯದು ಕೈದಿಗಳ ಹಂಚಿಕೆ. ಸುಲಭವಾಗಿ ಸುಧಾರಿಸುವವರು ಒಂದು ಜೈಲಿಗೂ ಕಠಿಣ ಪ್ರಕರಣಗಳು, ಮಾನಸಿಕ ಕಾಯಿಲೆಯವರು, ವೃದ್ಧರು ಇನ್ನೊಂದಕ್ಕೂ ಹೋದರೆ ಎರಡರ ಹೋಲಿಕೆಗೆ ಅರ್ಥವಿಲ್ಲ. ಅಮೆರಿಕದಲ್ಲಿ ಖಾಸಗಿ ಜೈಲುಗಳು ಅಗ್ಗ ಎಂದು ತೋರಿಸುವ ಹಲವು ಲೆಕ್ಕಗಳು ಆರೋಗ್ಯವಂತ ಕೈದಿಗಳನ್ನು ಮಾತ್ರ ಕಂಪನಿಗೆ ಕಳಿಸಿದ್ದನ್ನು ಗಣನೆಗೆ ತೆಗೆದುಕೊಂಡಿರುವುದಿಲ್ಲ.

ಸರ್ಕಾರಿ ಮಾದರಿ ಯಾವಾಗ ಫಲ ಕೊಡುತ್ತದೆ

ಸರ್ಕಾರಿ ಜೈಲಿನ ಪರ ವಾದಿಸುವವರು ನಾರ್ವೆಯನ್ನು ಉದಾಹರಿಸುವುದು ವಾಡಿಕೆ. 2010ರಲ್ಲಿ ತೆರೆದ ಹಾಲ್ಡನ್ ಜೈಲಿನ ಚಿತ್ರಗಳನ್ನು ನೋಡಿದವರು ಅಲ್ಲಿನ ಅಡುಗೆಮನೆ, ಕಾಡು, ಸಂಗೀತ ಕೋಣೆಗಳ ಬಗ್ಗೆಯೇ ಮಾತನಾಡುತ್ತಾರೆ. ಗಮನಿಸಬೇಕಾದದ್ದು ಕಟ್ಟಡವನ್ನಲ್ಲ. ಅಲ್ಲಿ ಜೈಲು ಸಿಬ್ಬಂದಿ ಎರಡು ವರ್ಷಗಳ ಕಾಲೇಜು ಮಟ್ಟದ ತರಬೇತಿ ಪಡೆಯುತ್ತಾರೆ, ಪ್ರತಿ ಕೈದಿಗೂ ಅವನ ಬಿಡುಗಡೆಯ ತಯಾರಿಯ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರುತ್ತಾನೆ. ಶಿಕ್ಷಕ, ವೈದ್ಯ, ಗ್ರಂಥಪಾಲಕ ಇವರು ಜೈಲು ಇಲಾಖೆಯ ನೌಕರರಲ್ಲ, ಹೊರಗಿನ ಶಾಲೆ, ಆಸ್ಪತ್ರೆ, ಗ್ರಂಥಾಲಯ ವ್ಯವಸ್ಥೆಯಿಂದಲೇ ಬರುತ್ತಾರೆ. ಆದ್ದರಿಂದ ಬಿಡುಗಡೆಯ ದಿನ ಕೈದಿಗೆ ಹೊರಗಿನ ಸೇವೆಗಳು ಅಪರಿಚಿತವಾಗಿರುವುದಿಲ್ಲ. ಸ್ವಾತಂತ್ರ್ಯವನ್ನು ಕಸಿದುಕೊಳ್ಳುವುದೇ ಶಿಕ್ಷೆ, ಅದರ ಮೇಲೆ ಇನ್ನೊಂದು ಶಿಕ್ಷೆ ಸೇರಿಸಬಾರದು ಎಂಬುದು ಅಲ್ಲಿನ ತತ್ವ.

ಅಂಕಿಗಳನ್ನು ಹೋಲಿಸುವಾಗ ಮಾತ್ರ ಎಚ್ಚರ ಬೇಕು. ನಾರ್ವೆಯಲ್ಲಿ ಎರಡು ವರ್ಷಗಳೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ಸುಮಾರು ಶೇ 20. ಅಮೆರಿಕದ ಮೂವತ್ತು ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದವರಲ್ಲಿ ಮೂರು ವರ್ಷಗಳೊಳಗೆ ಮತ್ತೆ ಬಂಧನಕ್ಕೊಳಗಾದವರು ಶೇ 67.8. ಮೊದಲನೆಯದು ಶಿಕ್ಷೆಯ ಲೆಕ್ಕ, ಎರಡನೆಯದು ಬಂಧನದ ಲೆಕ್ಕ, ಅವಧಿಯೂ ಬೇರೆ. ನಾರ್ವೆಯಲ್ಲಿ ಸಣ್ಣ ಅಪರಾಧಗಳಿಗೂ ಕಿರು ಅವಧಿಯ ಜೈಲುವಾಸ ಇರುವುದರಿಂದ ಒಳಗೆ ಹೋಗುವವರ ಸ್ವರೂಪವೂ ಬೇರೆ. ಅಂತರ ಇದ್ದೇ ಇದೆ, ಆದರೆ ಭಾಷಣಗಳಲ್ಲಿ ಹೇಳುವಷ್ಟು ದೊಡ್ಡದಲ್ಲ. ಇನ್ನು, ಸರ್ಕಾರಿ ಎಂಬ ಒಂದೇ ಗುಣದಿಂದ ನಾರ್ವೆಯ ಫಲ ಸಿಗುವುದಾಗಿದ್ದರೆ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿಗೂ ಸಿಗಬೇಕಿತ್ತು. ಸರ್ಕಾರವೇ ನಡೆಸುವ ಆ ಜೈಲಿನ ಸ್ಥಿತಿ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ಅಮೆರಿಕದ ನ್ಯಾಯ ಇಲಾಖೆಯೇ 2022ರಲ್ಲಿ ಹೇಳಿತು.

ಬ್ರೆಜಿಲ್, ಇಸ್ರೇಲ್

ಬ್ರೆಜಿಲಿನ ಎರಡು ಉದಾಹರಣೆಗಳು ಖಾಸಗಿ ಎಂಬ ಪದದ ಅರ್ಥವನ್ನೇ ಒಡೆದು ತೋರಿಸುತ್ತವೆ. 2017ರ ಜನವರಿ ಒಂದರಂದು ಮನಾಸ್ ನಗರದ, ಖಾಸಗಿ ಕಂಪನಿ ನಿರ್ವಹಿಸುತ್ತಿದ್ದ ಜೈಲಿನಲ್ಲಿ ಗ್ಯಾಂಗುಗಳ ಕಾಳಗಕ್ಕೆ 56 ಕೈದಿಗಳು ಬಲಿಯಾದರು. ಅದೇ ದೇಶದಲ್ಲಿ 1972ರಲ್ಲಿ ಸಾವೊ ಜೋಸೆ ದೊಸ್ ಕಾಂಪೊಸ್ ನಗರದಲ್ಲಿ ವಕೀಲ ಮಾರಿಯೊ ಒಟ್ಟೊಬೋನಿ ಮತ್ತು ಸಂಗಡಿಗರು ಆರಂಭಿಸಿದ ಅಪಾಕ್ ಎಂಬ ಸಂಘದ ಜೈಲುಗಳಲ್ಲಿ ಶಸ್ತ್ರಧಾರಿ ಕಾವಲುಗಾರರಿಲ್ಲ, ಕೀಲಿಕೈಗಳು ಕೈದಿಗಳ ಬಳಿಯೇ ಇರುತ್ತವೆ. ಇದೂ ಸರ್ಕಾರೇತರವೇ, ಆದರೆ ಲಾಭದ ಲೆಕ್ಕ ಇಲ್ಲಿಲ್ಲ. ಸ್ವಯಂಸೇವಕರು ಮತ್ತು ಕೈದಿಗಳ ಕುಟುಂಬಗಳು ಇದರ ಬೆನ್ನೆಲುಬು. ಒಪ್ಪಿ ಬಂದವರನ್ನು ಮಾತ್ರ ಸೇರಿಸಿಕೊಳ್ಳುವುದರಿಂದ ಇವರ ಯಶಸ್ಸಿನಲ್ಲಿ ಒಂದು ಪಾಲು ಆಯ್ಕೆಯದ್ದು ಎಂಬುದನ್ನು ಕಳೆದೇ ನೋಡಬೇಕು, ಕಳೆದ ಮೇಲೂ ಗಮನಾರ್ಹವಾದದ್ದು ಉಳಿಯುತ್ತದೆ.

ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಪ್ರಶ್ನೆಯನ್ನು ಫಲಿತಾಂಶದ ತಕ್ಕಡಿಯಿಂದಲೇ ಹೊರಗೆ ತೆಗೆಯಿತು. ಬೇರ್‌ಶೇಬ ಬಳಿ ಖಾಸಗಿ ಜೈಲು ಕಟ್ಟಿ ಮುಗಿಯುತ್ತಿದ್ದ ಹೊತ್ತಿನಲ್ಲಿ, 2009ರ ನವೆಂಬರಿನಲ್ಲಿ, ಅಧ್ಯಕ್ಷೆ ಡೋರಿಟ್ ಬೈನಿಶ್ ನೇತೃತ್ವದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು–ಒಂದರ ಬಹುಮತದಿಂದ ಅದಕ್ಕೆ ಅವಕಾಶ ಕೊಟ್ಟಿದ್ದ ಕಾನೂನನ್ನು ರದ್ದುಮಾಡಿತು. ಮನುಷ್ಯನನ್ನು ಕೂಡಿಹಾಕಿ ಬಲಪ್ರಯೋಗಿಸುವ ಅಧಿಕಾರವನ್ನು ಲಾಭಕ್ಕಾಗಿ ದುಡಿಯುವ ಸಂಸ್ಥೆಗೆ ಕೊಡುವುದೇ ಕೈದಿಯ ಘನತೆಗೂ ಸ್ವಾತಂತ್ರ್ಯಕ್ಕೂ ಧಕ್ಕೆ, ಒಳಗಿನ ಸೌಕರ್ಯ ಎಷ್ಟೇ ಚೆನ್ನಾಗಿದ್ದರೂ ಇದು ಬದಲಾಗದು ಎಂಬುದು ತೀರ್ಪಿನ ಸಾರ. ಇದು ಬರೀ ತಾತ್ವಿಕ ಮಾತು ಎನ್ನುವವರು ಮಿಸಿಸಿಪ್ಪಿಯ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಿಡುಗಡೆಯ ದಿನವನ್ನು ಹಿಂದೆಮುಂದೆ ಮಾಡಬಲ್ಲ ಶಿಸ್ತಿನ ವರದಿಯನ್ನು, ಆ ದಿನ ಮುಂದೆ ಹೋದರೆ ಆದಾಯ ಹೆಚ್ಚುವ ಸಂಸ್ಥೆಯ ನೌಕರ ಬರೆಯುತ್ತಾನೆ ಎಂಬುದೇ ಅಲ್ಲಿನ ಸಮಸ್ಯೆ.

ಭಾರತಕ್ಕೆ ಈ ಹೋಲಿಕೆ ಎಷ್ಟು ಅನ್ವಯಿಸುತ್ತದೆ

ನಮ್ಮಲ್ಲಿ ಕಾರಾಗೃಹ ರಾಜ್ಯಪಟ್ಟಿಯ ವಿಷಯ, ಜೈಲುಗಳನ್ನು ನಡೆಸುವುದು ರಾಜ್ಯ ಸರ್ಕಾರಗಳೇ. ಜಾಗದ ಕೊರತೆಯ ಮಾತು ಬಂದಾಗಲೆಲ್ಲ ಖಾಸಗಿ ಸಹಭಾಗಿತ್ವದ ಸಲಹೆ ತಲೆ ಎತ್ತುವುದುಂಟು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಜನರ ಜಾಗದಲ್ಲಿ 5,73,220 ಜನರಿದ್ದರು. ಆದರೆ ಅವರಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆ ಎಂದು ಇನ್ನೂ ಸಾಬೀತಾಗದವರನ್ನು ಸುಧಾರಿಸುವ ಮಾತೇ ಬರುವುದಿಲ್ಲ. ಇಲ್ಲಿ ದಿನದ ಲೆಕ್ಕದ ಗುತ್ತಿಗೆ ಬಂದರೆ ಜಾಮೀನು ಮತ್ತು ವಿಚಾರಣೆಯ ವಿಳಂಬಕ್ಕೇ ಬಾಡಿಗೆ ಕಟ್ಟಿದಂತಾಗುತ್ತದೆ. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಬರೆದ ಪತ್ರದಿಂದ ಹುಟ್ಟಿದ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಹೆಸರಿಸಿತ್ತು. ಕಿಕ್ಕಿರಿದ ಜನ ಮತ್ತು ವಿಚಾರಣೆಯ ವಿಳಂಬ ಆ ಪಟ್ಟಿಯ ತಲೆಯಲ್ಲೇ ಇದ್ದವು, ಬಯಲು ಬಂದೀಖಾನೆಗಳ ನಿರ್ವಹಣೆಯೂ ಅದರಲ್ಲಿತ್ತು.

ಆ ಕೊನೆಯ ಅಂಶವೇ ನಮ್ಮಲ್ಲಿ ಹೆಚ್ಚು ಬೆಳೆಸಬೇಕಾದದ್ದು ಎಂದು ನನ್ನ ಅಭಿಪ್ರಾಯ. ರಾಜಸ್ಥಾನದ ಸಾಂಗಾನೇರಿನ ಬಯಲು ಶಿಬಿರದಲ್ಲಿ 1963ರಿಂದ ಸಜಾಬಂದಿಗಳು ಕುಟುಂಬದೊಂದಿಗೆ ವಾಸಿಸುತ್ತ ಹೊರಗೆ ದುಡಿಯಲು ಹೋಗಿ ಸಂಜೆ ಮರಳುತ್ತಾರೆ. ಕರ್ನಾಟಕದಲ್ಲಿ ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಬೇಸಾಯವೇ ಮುಖ್ಯವಾದ ಬಯಲು ಬಂದೀಖಾನೆ ಇದೆ. ಕೈದಿಗಳ ದಿನಗೂಲಿಯನ್ನು 500 ರೂಪಾಯಿಗಿಂತ ಮೇಲೆ ಏರಿಸಿದ ರಾಜ್ಯವೂ ನಮ್ಮದೇ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಅವರು ರಾಜ್ಯದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಮಾಡಿಸಿದ್ದು, ಬೀಗ ಸರ್ಕಾರದ ಬಳಿಯೇ ಇದ್ದೂ ಒಳಗಿನ ಕೆಲಸಕ್ಕೆ ಹೊರಗಿನವರು ಬರಬಹುದು ಎಂಬುದಕ್ಕೆ ಸಾಕ್ಷಿ.

ಆಯ್ಕೆ ಮಾಡುವ ಮುನ್ನ ನೋಡಬೇಕಾದದ್ದು

ಮೇಲಿನ ಅನುಭವಗಳನ್ನು ತೂಗಿದರೆ, ಕಾವಲು, ಶಿಸ್ತು ಮತ್ತು ಬಿಡುಗಡೆಗೆ ಸಂಬಂಧಿಸಿದ ತೀರ್ಮಾನಗಳನ್ನು ಸರ್ಕಾರ ತನ್ನಲ್ಲೇ ಇಟ್ಟುಕೊಂಡು, ಕಲಿಕೆ, ಚಿಕಿತ್ಸೆ, ಉದ್ಯೋಗ ಮತ್ತು ಬಿಡುಗಡೆಯ ನಂತರದ ಜೊತೆಗಾರಿಕೆಯನ್ನು ಹೊರಗಿನ ಸಮರ್ಥ ಸಂಸ್ಥೆಗಳಿಗೆ ತೆರೆಯುವ ಮಾದರಿಯನ್ನು ನಾನು ಆರಿಸುತ್ತೇನೆ. ಜೈಲಿನೊಳಗಿನ ಶಿಕ್ಷಣದಲ್ಲಿ ಭಾಗವಹಿಸಿದವರು ಮತ್ತೆ ಜೈಲಿಗೆ ಮರಳುವ ಸಾಧ್ಯತೆ ಗಣನೀಯವಾಗಿ ಕಡಿಮೆ ಎಂದು ಸಂಶೋಧನೆ ನಡೆಸುವ ಅಮೆರಿಕದ ರ‍್ಯಾಂಡ್ ಸಂಸ್ಥೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿತ್ತು. ಹಣ ಮಿತವಾಗಿರುವಾಗ ಹೊಸ ಜಾಗಕ್ಕಿಂತ ಇದಕ್ಕೆ ಹಾಕುವುದೇ ಲೇಸು. ಯಾವುದೋ ಕಾರಣಕ್ಕೆ ಪೂರ್ಣ ಖಾಸಗಿ ನಿರ್ವಹಣೆಯೇ ಅನಿವಾರ್ಯವಾದರೆ ಕರಾರನ್ನು ಓದುವಾಗ ಮೊದಲು ಹುಡುಕಬೇಕಾದದ್ದು ಜಾಗ ತುಂಬಿಸುವ ಖಾತರಿಯ ಷರತ್ತು. ಅದಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಸಿಬ್ಬಂದಿಯ ಕನಿಷ್ಠ ಸಂಖ್ಯೆ, ಅವರ ತರಬೇತಿಯ ಅವಧಿ ಮತ್ತು ಸಂಬಳ ಕರಾರಿನಲ್ಲೇ ಬರೆದಿರಬೇಕು, ಹಾಜರಿ ಪುಸ್ತಕವನ್ನು ಕಂಪನಿಯ ಮಾತಿನ ಮೇಲೆ ನಂಬದೆ ಸರ್ಕಾರಿ ಅಧಿಕಾರಿ ಸ್ಥಳದಲ್ಲೇ ಪರಿಶೀಲಿಸಬೇಕು. ಶಿಸ್ತಿನ ಪ್ರಕರಣಗಳ ತೀರ್ಮಾನ ಕಂಪನಿಯ ನೌಕರರ ಕೈಯಲ್ಲಿರಬಾರದು. ಮರು ಅಪರಾಧದ ಲೆಕ್ಕದಲ್ಲಿ ಎಷ್ಟು ಜನ ಎಂಬುದರ ಜೊತೆಗೆ ಎಷ್ಟು ಸಲ ಎಂಬುದೂ ಸೇರಬೇಕು, ಕೈದಿಗಳ ಹಂಚಿಕೆ ಸರ್ಕಾರದ ಅಧಿಕಾರದಲ್ಲೇ ಇರಬೇಕು, ಕರಾರು ಸಾರ್ವಜನಿಕರಿಗೆ ಓದಲು ಸಿಗಬೇಕು.

ಇದಾಹೋ, ಬರ್ಮಿಂಗ್‌ಹ್ಯಾಮ್, ಮೌಂಟ್ ಈಡನ್ ಮೂರರಲ್ಲೂ ವ್ಯವಸ್ಥೆ ಕುಸಿದಾಗ ಜೈಲನ್ನು ವಹಿಸಿಕೊಂಡದ್ದು ಸರ್ಕಾರಿ ಸಿಬ್ಬಂದಿ. ಎಲ್ಲ ಜೈಲುಗಳನ್ನೂ ಹೊರಗೆ ಕೊಟ್ಟ ಸರ್ಕಾರಕ್ಕೆ ಆ ದಿನ ಕಳಿಸಲು ಅನುಭವಿ ಅಧಿಕಾರಿಗಳು ಇರುವುದಿಲ್ಲ. ಅಂಥ ಒಂದು ಪಡೆಯನ್ನು ವರ್ಷವಿಡೀ ಸಂಬಳ ಕೊಟ್ಟು ಸಿದ್ಧವಾಗಿಟ್ಟುಕೊಳ್ಳುವ ಖರ್ಚನ್ನು ಖಾಸಗಿ ದರಕ್ಕೆ ಸೇರಿಸಿದ ಮೇಲೆ ಉಳಿತಾಯ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಟೆಂಡರ್ ಕರೆಯುವ ಮೊದಲೇ ಹಾಕಬೇಕು.